ಎಂಟನೆಯ ಗೈರುಹಾಜರಿ

ಜನವರಿ ೯

ಹದಿಮೂರು ದಿನ. ಡಿಸೆಂಬರ್ ಇಪ್ಪತ್ತರ ಬದಲು ಜನವರಿ ಎರಡಕ್ಕೆ ಹುಟ್ಟಿದ್ದರೆ ನನ್ನ ಹೆಸರು ಇವತ್ತು ಪಟ್ಟಿಯಲ್ಲಿ ಇರುತ್ತಿತ್ತು.

ಯುವ ಕೃಷಿ ಕ್ಲಬ್ಬಿನ ಸಭೆ ಎಂದಿನಂತೆ ಬೀಜದ ಅಂಗಡಿಯ ಮಹಡಿ ಕೋಣೆಯಲ್ಲಿತ್ತು. ಮೇಡಂ ಈ ವರ್ಷದ ಸ್ಪರ್ಧೆಯ ನಿಯಮಪುಸ್ತಕ ತಂದಿದ್ದರು. ಹಸಿರು ರಟ್ಟು, ಹೋದ ವರ್ಷದ್ದಕ್ಕಿಂತ ನಾಲ್ಕು ಪುಟ ದಪ್ಪ. ಮೂರನೇ ನಿಯಮ ಓದುವ ಮುಂಚೆ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕೆಟ್ಟ ಸುದ್ದಿ ಹೇಳುವ ಮುಂಚೆ ಅವರು ಹಾಗೆಯೇ ಮಾಡುವುದು. ಹೋದ ವರ್ಷದವರೆಗೆ ಹತ್ತೊಂಬತ್ತಿದ್ದ ವಯಸ್ಸಿನ ಮಿತಿಯನ್ನು ಹದಿನೆಂಟಕ್ಕೆ ಇಳಿಸಿದ್ದಾರೆ. ಜನವರಿ ಒಂದಕ್ಕೆ ಹದಿನೆಂಟು ತುಂಬಿರಬಾರದು. ಆ ಹೊತ್ತಿಗೆ ನನಗೆ ತುಂಬಿ ಹನ್ನೆರಡು ದಿನವಾಗಿತ್ತು.

ಐದು ವರ್ಷದಿಂದ ಈ ಕ್ಲಬ್ಬಿನಲ್ಲಿದ್ದೇನೆ. ಕಡಸು ನಡೆಸುವ ಸ್ಪರ್ಧೆಯಲ್ಲಿ ಮೂರು ಸಲ ಎರಡನೇ ಸ್ಥಾನ. ಇನ್ನೊಂದು ವರ್ಷ ಕೈಯಲ್ಲಿದೆ ಅಂತ ಕೆಂದಿಯನ್ನು ಹುಟ್ಟಿದ ದಿನದಿಂದ ನಾನೇ ಸಾಕಿದ್ದೇನೆ. ಅವಳಿಗೀಗ ಹದಿನಾಲ್ಕು ತಿಂಗಳು. ಕೆಂಪು ಮೈ, ಹಲಗೆಯಂಥ ಬೆನ್ನು, ಒಬ್ಬರೇ ಅಳೆದು ಕೊಟ್ಟಂಥ ನಾಲ್ಕು ಕಾಲು. ಒಂದು ಕಡಸಿಗೆ ಇರಬೇಕಾದ ಅರ್ಹತೆಯೆಲ್ಲ ಅವಳಿಗಿದೆ. ನನಗಿಲ್ಲ.

ಮನೆಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ. ಅಮ್ಮ ಪಾತ್ರೆ ಉಜ್ಜುತ್ತಲೇ, "ನೋವು ಬಂದಾಗ ಹೆತ್ತೆ. ನಿಯಮಪುಸ್ತಕ ನೋಡ್ಕೊಂಡು ಹೆರೋಕಾಗುತ್ತಾ?" ಅಂದಳು.

ಜನವರಿ ೧೨

ಕೊಟ್ಟಿಗೆ ಗುಡಿಸಿದೆ. ಕೆಂದಿಗೆ ಮೈ ಉಜ್ಜಲಿಲ್ಲ. ಯಾರಿಗೋಸ್ಕರ ಉಜ್ಜಬೇಕು?

ಜನವರಿ ೩೦

ಅಪ್ಪ ನನ್ನ ಕೆಂದಿಯನ್ನು ಟೈಲರ್ ಮಗಳಿಗೆ ಕೊಟ್ಟರು.

ಕೊಟ್ಟರು ಅಂದರೆ ಮಾರಲಿಲ್ಲ, ಆರನೇ ನಿಯಮದ ಪ್ರಕಾರ ಕೊಟ್ಟರು. ಮನೆಯಲ್ಲಿ ದನಕರು ಇಲ್ಲದ ಸದಸ್ಯರು ಇನ್ನೊಬ್ಬರ ಕಡಸನ್ನು ಒಪ್ಪಂದದ ಮೇಲೆ ಸಾಕಿ ಸ್ಪರ್ಧೆಗೆ ತರಬಹುದು. ಕಡಸು ನಮ್ಮ ಕೊಟ್ಟಿಗೆಯಲ್ಲೇ ಇರುತ್ತದೆ. ಸಾಕುವ ಕೈ ಮಾತ್ರ ಸ್ಪರ್ಧಿಯದಾಗಿರಬೇಕು. ಸ್ಪರ್ಧೆ ಮೇ ಹತ್ತಕ್ಕೆ. ಅದಕ್ಕೆ ತೊಂಬತ್ತು ದಿನ ಮುಂಚೆ ಒಪ್ಪಂದದ ಹಾಳೆ ಮೇಡಂ ಕೈ ಸೇರಬೇಕು. ಅಂದರೆ ಫೆಬ್ರವರಿ ಒಂಬತ್ತು. ಇದನ್ನೆಲ್ಲ ಅಪ್ಪನಿಗೆ ಹೇಳಿಕೊಟ್ಟವಳು ನಾನೇ, ಹಿಂದೊಮ್ಮೆ, ನಿಯಮ ಎಷ್ಟು ಚೆನ್ನಾಗಿ ಗೊತ್ತು ಅಂತ ತೋರಿಸಿಕೊಳ್ಳಲು.

ನನ್ನನ್ನು ಒಂದು ಮಾತು ಕೇಳಬಹುದಿತ್ತು ಅಂದೆ. ಹೋದ ವಾರವೇ ಕೇಳಿದ್ದೆ, ಏನಾದರೂ ಮಾಡಿಕೊಳ್ಳಿ ಅಂದಿದ್ದೆಯಲ್ಲ ಅಂದರು. ಅಂದಿದ್ದೆ, ನಿಜ. ಹಾಗಂದರೆ ಮಾಡಿ ಅಂತ ಅರ್ಥವಾ?

ಟೈಲರ್ ಮಗಳಿಗೆ ಹದಿನಾಲ್ಕು. ಅವಳ ತಾಯಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಮುಂದೆ ಎರಡು ಮಷಿನ್, ಹಿಂದೆ ಒಂದು ಕೋಣೆ. ಆ ಕೋಣೆಯಲ್ಲಿ ಒಂದು ಕೋಳಿ ಸಾಕಲೂ ಜಾಗವಿಲ್ಲ. ಅಂಥವಳಿಗೆ ಕಡಸು ಬೇಕಂತೆ.

ಫೆಬ್ರವರಿ ೯

ಬಂದಳು. ಬೆಳಿಗ್ಗೆ ಐದೂವರೆಗೆ ಬಾ ಅಂದಿದ್ದರೆ ಐದೂ ಇಪ್ಪತ್ತಕ್ಕೇ ಸೈಕಲ್ ನಿಲ್ಲಿಸಿ ಗೇಟಿನ ಹೊರಗೆ ನಿಂತಿದ್ದಳು, ನಾವು ಬಾಗಿಲು ತೆಗೆಯಲಿ ಅಂತ. ಕಡ್ಡಿಯಂಥ ಮೈ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತಲೆ, ಕಾಲರಿಗೆ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿಗಳು. ತೆಗೆದಿಡಲು ಮರೆತಿದ್ದಳಂತೆ. ಅವಳೇ ಒಂದು ಗುಂಡುಸೂಜಿಯ ಹಾಗಿದ್ದಾಳೆ. ದನದ ಕೊಟ್ಟಿಗೆಗೆ ಸೂಜಿ ಚುಚ್ಚಿಕೊಂಡು ಬರುವವಳಿಗೆ ಏನು ಹೇಳುವುದು? ಒಂದು ಉದುರಿ ಮೇವಿಗೆ ಬಿದ್ದರೆ ಕೆಂದಿಯ ಹೊಟ್ಟೆ ಸೇರುತ್ತದೆ ಅಂತ ಚೆನ್ನಾಗಿ ಬೈದೆ. ಅವಳು ಒಂದೊಂದಾಗಿ ಎಲ್ಲ ತೆಗೆದು, ಎಣಿಸಿ, ಕರ್ಚೀಫಿನಲ್ಲಿ ಕಟ್ಟಿದಳು. ಹನ್ನೊಂದು. ಆಮೇಲೆ ಇನ್ನೊಮ್ಮೆ ಎಣಿಸಿದಳು.

ಹಗ್ಗವನ್ನು ಅಂಗೈಗೆ ಮೂರು ಸುತ್ತು ಸುತ್ತಿಕೊಂಡು ಹೊರಟಳು. ಕಡಸು ಓಡಿದರೆ ಬೆರಳು ಕಿತ್ತು ಬರುತ್ತದೆ, ಮಡಿಸಿ ಹಿಡಿ ಅಂತ ಅದಕ್ಕೂ ಬೈದೆ. ಅಪ್ಪ ಹಾಲು ಕರೆಯುತ್ತಿದ್ದವರು ತಿರುಗಿ ನೋಡಿ ನಕ್ಕರು. ನನ್ನನ್ನು ನೋಡಿಯೋ ಅವಳನ್ನು ನೋಡಿಯೋ ತಿಳಿಯಲಿಲ್ಲ.

ಕೆಂದಿ ಅವಳ ಲಂಗದ ಅಂಚು ನೆಕ್ಕಿದಳು. ಕೆಂದಿಗೆ ಬುದ್ಧಿ ಕಡಿಮೆ.

ಫೆಬ್ರವರಿ ೧೦

ಇವತ್ತೂ ಬಂದಳು.

ಫೆಬ್ರವರಿ ೨೨

ಮೇಡಂ ಕರೆದಿದ್ದರು. ಈ ಸಲ ಮೂವತ್ತೊಂದು ಅರ್ಜಿ ಬಂದಿವೆ, ಅವರೊಬ್ಬರಿಂದ ಪರಿಶೀಲನೆ ಆಗುವುದಿಲ್ಲ. ನಿಯಮ ನನಗೆ ಬಾಯಿಪಾಠ ಇರುವುದರಿಂದ ನಾನೇ ಸಹಾಯ ಮಾಡಬೇಕಂತೆ. ಕೆಲಸ ಚೆನ್ನಾಗಿ ಮಾಡಿದರೆ ಜೂನ್‌ನಿಂದ ನನ್ನನ್ನು ಕ್ಲಬ್ಬಿನ ಸಹಾಯಕ ಮುಖ್ಯಸ್ಥೆ ಮಾಡಲು ಮೇಲಿನವರಿಗೆ ಬರೆಯುತ್ತಾರಂತೆ. ಮುಂದೆ ಪಶುಪಾಲನೆಯ ತರಬೇತಿಗೆ ಸೇರಲು ಆ ಪತ್ರ ಉಪಯೋಗಕ್ಕೆ ಬರುತ್ತದೆ ಅಂದರು. ಅಂಗಳದಲ್ಲಿ ಆಡಲು ಬಿಡದವರು ಅಂಕ ಬರೆಯಲು ಕೂರಿಸಿದ ಹಾಗಾಯಿತು. ಆದರೂ ಒಪ್ಪಿಕೊಂಡೆ.

ಪುಸ್ತಕ ಮನೆಗೆ ತಂದು ಮೊದಲ ಪುಟದಿಂದ ಓದಿದೆ. ಒಂಬತ್ತನೇ ನಿಯಮದಲ್ಲಿ ಕಣ್ಣು ನಿಂತಿತು. ಕಡಸಿಗೆ ಮೇವು ಹಾಕುವುದು, ಮೈ ತೊಳೆಯುವುದು, ನಡೆಸುವುದು ಸ್ಪರ್ಧಿಯ ಕೈಯಿಂದಲೇ ಆಗಬೇಕು. ಪ್ರತಿ ದಿನದ ದಾಖಲೆಯನ್ನು ಸ್ವಂತ ಕೈಬರಹದಲ್ಲಿ ಇಡಬೇಕು. ತೊಂಬತ್ತು ದಿನಗಳಲ್ಲಿ ಏಳು ದಿನದವರೆಗೆ ಗೈರುಹಾಜರಿಗೆ ವಿನಾಯಿತಿ. ಎಂಟಾದರೆ ಅನರ್ಹ.

ಏಳು ದಿನ ಹೆಚ್ಚೇನಲ್ಲ. ಶಾಲೆ ಇರುವವಳಿಗೆ, ಹೊಲಿಗೆ ಅಂಗಡಿಯ ಮನೆಯವಳಿಗೆ.

ನಾನು ಸುಮ್ಮನೆ ಬರೆದಿಟ್ಟೆ ಅಷ್ಟೆ.

ಮಾರ್ಚ್ ೫

ಅವಳ ಸೈಕಲ್ ಗಂಟೆ ಕೇಳಿದರೆ ಕೆಂದಿ ಕೂಗುತ್ತಾಳೆ.

ಮೊದಲು ನಾನು ಕಾಕತಾಳೀಯ ಅಂದುಕೊಂಡೆ. ಇವತ್ತು ಪರೀಕ್ಷೆ ಮಾಡಿದೆ. ಹಾಲಿನವನ ಸೈಕಲ್ ಹೋಯಿತು, ಗಂಟೆ ಬಾರಿಸಿದ, ಕೆಂದಿ ಕಿವಿಯನ್ನೂ ಆಡಿಸಲಿಲ್ಲ. ಪೇಪರಿನವನದಕ್ಕೂ ಇಲ್ಲ. ಐದೂ ಇಪ್ಪತ್ತಕ್ಕೆ ಅವಳ ಗಂಟೆ, ತುಕ್ಕು ಹಿಡಿದು ಕೆಮ್ಮುವ ಗಂಟೆ ಅದು, ಕೇಳಿದ್ದೇ ತಡ ಎದ್ದು ನಿಂತು ಬಾಲ ಎತ್ತಿ "ಅಂಬಾ" ಅಂತ ಇಡೀ ಬೀದಿಗೆ ಕೇಳುವ ಹಾಗೆ. ಹುಟ್ಟಿದ ಮೂರನೇ ದಿನ ಭೇದಿಯಾಗಿ ಸಾಯುವ ಹಾಗಿದ್ದಾಗ ಚಮಚದಲ್ಲಿ ನೀರು ಕುಡಿಸಿದವಳು ನಾನು. ನನಗೆ ಒಂದು ದಿನವೂ ಹಾಗೆ ಕೂಗಲಿಲ್ಲ.

ಅಪ್ಪ, "ನೋಡು, ನಿನ್ನ ಕಡಸಿಗೆ ಗೆಳತಿ ಸಿಕ್ಕಳು," ಅಂದರು. ನಿನ್ನ ಕಡಸು ಅಂತ ಹೇಳಿ ಸಮಾಧಾನ ಮಾಡುತ್ತಾರಂತೆ. ಗಾಯದ ಮೇಲೆ ಬರೆ.

ಅವಳು ಮನೆಯಿಂದ ಒಂದು ಮುಖಪಟ್ಟಿ ಹೊಲಿದು ತಂದಿದ್ದಾಳೆ. ದಪ್ಪ ಕ್ಯಾನ್‌ವಾಸ್, ಮೂಗಿನ ಮೇಲೆ ಬರುವಲ್ಲಿ ಒಳಗೆ ಹತ್ತಿ ಇಟ್ಟು ಹೊಲಿಗೆ ಹಾಕಿದ್ದಾಳೆ, ಉಜ್ಜಿ ಗಾಯವಾಗದಿರಲಿ ಅಂತ. ಐದು ವರ್ಷ ನಾನು ಹಗ್ಗದ ಪಟ್ಟಿಯನ್ನೇ ಹಾಕಿದ್ದೆ. ನನಗೆ ಇದು ತೋಚಲಿಲ್ಲ. ನಿಯಮಪುಸ್ತಕದಲ್ಲಿ ಮುಖಪಟ್ಟಿಯ ಬಗ್ಗೆ ಏನಾದರೂ ಅಡ್ಡಿ ಇದೆಯಾ ಅಂತ ಹುಡುಕಿದೆ. ಇಲ್ಲ.

ಮಾರ್ಚ್ ೧೯

ಐದಾಯಿತು. ಶಾಲೆಯ ಪರೀಕ್ಷೆಗೆ ಮೂರು ದಿನ, ಜ್ವರಕ್ಕೆ ಎರಡು. ಕ್ಯಾಲೆಂಡರಿನ ಹಿಂದೆ ಸೀಸದಕಡ್ಡಿಯಲ್ಲಿ ಗೀಟು ಹಾಕಿ ಇಡುತ್ತಿದ್ದೇನೆ. ಪರಿಶೀಲಕಿಗೆ ಲೆಕ್ಕ ಇರಬೇಕು.

ಇದರಲ್ಲಿ ಹೊಟ್ಟೆಕಿಚ್ಚಿನ ಮಾತಿಲ್ಲ. ಅವಳ ಜಾಗದಲ್ಲಿ ಬೇರೆ ಯಾರಿದ್ದರೂ ಗೀಟು ಹಾಕುತ್ತಿದ್ದೆ. ಉಳಿದ ಮೂವತ್ತು ಜನರಿಗೆ ಹಾಕಿಲ್ಲ ಯಾಕೆಂದರೆ ಅವರು ನಮ್ಮ ಕೊಟ್ಟಿಗೆಗೆ ಬರುವುದಿಲ್ಲ.

ಸಂಜೆ ಅವಳು ಕೆಂದಿಯನ್ನು ನಿಲ್ಲಿಸಲು ಒದ್ದಾಡುತ್ತಿದ್ದಳು. ಅಂಕಣದಲ್ಲಿ ತೀರ್ಪುಗಾರರ ಮುಂದೆ ಕಡಸು ನಾಲ್ಕು ಕಾಲನ್ನೂ ಚೌಕವಾಗಿ ಊರಿ ನಿಲ್ಲಬೇಕು. ಗುಂಡುಸೂಜಿ ಮುಂದಿನಿಂದ ಎಳೆಯುತ್ತಾಳೆ, ಕೆಂದಿ ಹಿಂದಕ್ಕೆ ಜಗ್ಗುತ್ತಾಳೆ. ಎತ್ತು ಏರಿಗೆ, ಕೋಣ ನೀರಿಗೆ. ಹತ್ತು ನಿಮಿಷ ನೋಡಿದೆ. ನೋಡಲಾಗದೆ ಹೋಗಿ, ಎಳೆಯಬಾರದು, ಭುಜದ ಹತ್ತಿರ ಬೆರಳಿಂದ ಒತ್ತಿ ಹಿಂದೆ ಸರಿಸಬೇಕು ಅಂತ ಒತ್ತಿ ತೋರಿಸಿದೆ. ಕೆಂದಿ ಕಾಲು ಸರಿಸಿ ಚೌಕವಾಗಿ ನಿಂತಳು. ನನ್ನ ಬೆರಳನ್ನು ಅವಳು ಮರೆತಿಲ್ಲ.

ಗುಂಡುಸೂಜಿ ಅದನ್ನೇ ಏಳು ಸಲ ಮಾಡಿದಳು. ಏಳನೆಯದು ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಒಳಗೆ ಬಂದುಬಿಟ್ಟೆ.

ಏಪ್ರಿಲ್ ೧೮

ಆರು, ಏಳು.

ಶಾಲೆ ಸಮವಸ್ತ್ರದ ಹೊಲಿಗೆ ಬಂದಿದೆಯಂತೆ, ನಿನ್ನೆ ಟೈಲರಮ್ಮನ ಬೆರಳಿಗೆ ಮಷಿನ್ ಸೂಜಿ ಹೊಕ್ಕು ಮುರಿದಿದೆಯಂತೆ. ಮಗಳು ಎರಡು ದಿನ ಗುಂಡಿ ಹಾಕುತ್ತಾ ಕೂತಿದ್ದಾಳೆ. ಬರುವುದಿಲ್ಲ ಅಂತ ಪಕ್ಕದ ಅಂಗಡಿಯ ಫೋನಿನಿಂದ ಅಪ್ಪನಿಗೆ ಹೇಳಿದ್ದಳು.

ಎರಡು ದಿನ ಕೆಂದಿ ನನ್ನವಳಾಗಿದ್ದಳು. ಮೈ ತೊಳೆದೆ, ಕಿವಿಯೊಳಗೆ ಒರೆಸಿದೆ, ಬಾಲದ ಕುಚ್ಚು ಬಾಚಿದೆ. ಅಂಗಳದಲ್ಲಿ ಮೂರು ಸುತ್ತು ನಡೆಸಿದೆ. ಎಲ್ಲ ಚೆನ್ನಾಗಿ ಮಾಡಿಸಿಕೊಂಡಳು. ಆದರೆ ಪ್ರತಿ ಸುತ್ತಿನಲ್ಲೂ ಗೇಟು ಬಂದಾಗ ನಿಂತು ರಸ್ತೆ ನೋಡುತ್ತಿದ್ದಳು. ಮೂರನೇ ಸುತ್ತಿನಲ್ಲಿ ನಾನು ಹಗ್ಗ ಜಗ್ಗಿದೆ. ಹಾಗೆ ಜಗ್ಗಬಾರದು ಅಂತ ಹೇಳಿಕೊಟ್ಟವಳೇ ನಾನು.

ಏಪ್ರಿಲ್ ೨೪

ಇವತ್ತು ಒಂದು ಮಾತು ಹೇಳಿದೆ. ಬರೆದಿಡುತ್ತೇನೆ.

ಸಂಜೆ ಅಪ್ಪ ಗುಂಡುಸೂಜಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ದನದ ಹಲ್ಲು ನೋಡಿ ವಯಸ್ಸು ಹೇಳುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ಅದೇ ಕಟ್ಟೆಯ ಮೇಲೆ, ಅದೇ ಮಾತುಗಳಲ್ಲಿ ಹೇಳಿಕೊಟ್ಟಿದ್ದರು. ಅದೇ ಹಳೆಯ ನಗೆಚಾಟಿಕೆಯನ್ನೂ ಹೇಳಿದರು: ಹೆಣ್ಣು ನೋಡಲು ಹೋದವನು ಅಭ್ಯಾಸಬಲದಿಂದ ಬಾಯಿ ತೆಗೆ ಅಂದನಂತೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗೆಚಾಟಿಕೆ ನನ್ನದು. ಅಪ್ಪ ಅದನ್ನು ಬೇರೆ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಅವಳು ಹೊರಡುವಾಗ ಗೇಟಿನ ತನಕ ಹೋದೆ. ನಾಳೆ ಕೆಂದಿಗೆ ಲಸಿಕೆ ಹಾಕಲು ಪಶುವೈದ್ಯರು ಬರುತ್ತಾರೆ, ಇಡೀ ದಿನ ಅವಳನ್ನು ಮುಟ್ಟಬಾರದು, ನೀನು ಬರಬೇಡ ಅಂದೆ. "ಸರಿ ಅಕ್ಕ," ಅಂದಳು. ಸೈಕಲ್ ಹತ್ತಿದಳು.

ನಾಳೆ ಯಾವ ವೈದ್ಯರೂ ಬರುವುದಿಲ್ಲ.

ಏಪ್ರಿಲ್ ೨೫

ಬರಲಿಲ್ಲ. ಎಂಟು.

ಏಪ್ರಿಲ್ ೨೬

ಬಂದಳು. ಎಲ್ಲಿ ಚುಚ್ಚಿದರು ಅಂತ ಕೇಳಿದಳು. ಕುತ್ತಿಗೆಯ ಎಡಕ್ಕೆ ಒಂದು ಕಡೆ ಬೆರಳು ತೋರಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಆ ಜಾಗವನ್ನು ಅಂಗೈಯಿಂದ ಸವರಿದಳು. ಊತ ಬಂದಿಲ್ಲ ಅಂದಳು.

ಮಧ್ಯಾಹ್ನದ ಊಟ ಸೇರಲಿಲ್ಲ. ಬಿಸಿಲು ಜಾಸ್ತಿ ಇವತ್ತು.

ಏಪ್ರಿಲ್ ೨೯

ಸಭೆಯಲ್ಲಿ ಮೇಡಂ "ಯಾರೋ ಒಬ್ಬರು..." ಅಂತ ಮಾತು ಶುರು ಮಾಡಿದರು, ಅಷ್ಟಕ್ಕೇ ನನ್ನ ಕಿವಿ ಕಾದುಹೋಯಿತು. ಕೊನೆಗೆ ನೋಡಿದರೆ ಕೋಣೆಯ ಬೀಗದಕೈ ಯಾರೋ ಮನೆಗೆ ಒಯ್ದಿದ್ದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿಗೆ ಬಂದೆ. ತಪ್ಪೇನು ಮಾಡಿದ್ದೇನೆ? ಅವಳು ಏಳು ದಿನ ತಾನೇ ತಪ್ಪಿಸಿಕೊಂಡಿದ್ದಳು. ಅವು ನನ್ನವಲ್ಲ. ನನ್ನದು ಒಂದೇ ದಿನ.

ಮೇ ೨

ಬೆಳಿಗ್ಗೆ ಒಂಬತ್ತಕ್ಕೆ ಮಹಡಿ ಕೋಣೆಗೆ ಹೋದೆ. ಮೂವತ್ತೊಂದು ದಾಖಲೆ ಪುಸ್ತಕ ಮೇಜಿನ ಮೇಲೆ ಗುಡ್ಡೆಯಾಗಿದ್ದವು. ಮೇಡಂ ವಯಸ್ಸಿನ ಪತ್ರ ನೋಡುತ್ತಿದ್ದರು, ನಾನು ಗೈರುಹಾಜರಿ ಎಣಿಸಬೇಕಿತ್ತು. ಗುಂಡುಸೂಜಿಯದು ಮೇಲಿನಿಂದ ಐದನೆಯದು. ರಟ್ಟಿಗೆ ಬಟ್ಟೆ ಅಂಟಿಸಿದ್ದಳು, ಸಮವಸ್ತ್ರ ಹೊಲಿದು ಉಳಿದ ನೀಲಿ ತುಂಡು. ಅದನ್ನು ಎತ್ತಿ ಕೊನೆಗೆ ಇಟ್ಟೆ.

ಹನ್ನೆರಡರ ಹೊತ್ತಿಗೆ ಅದೊಂದೇ ಉಳಿಯಿತು.

ಬೇರೆಯವರೆಲ್ಲ ಮೇವು ಇಷ್ಟು ಕಿಲೋ, ನೀರು ಇಷ್ಟು ಬಕೆಟ್ ಅಂತ ಬರೆದು ಮುಗಿಸಿದ್ದರು. ಇವಳು ಅದನ್ನೂ ಬರೆದು ಕೆಳಗೆ ಇನ್ನೂ ಏನೇನೋ ಬರೆದಿದ್ದಾಳೆ. ಫೆಬ್ರವರಿ ಒಂಬತ್ತು: "ಹಗ್ಗ ಕೈಗೆ ಸುತ್ತಬಾರದು, ಮಡಿಸಿ ಹಿಡಿಯಬೇಕು. ಅಕ್ಕ ಹೇಳಿದರು. ಕಾಲರಿನಲ್ಲಿ ಸೂಜಿ ಇರಬಾರದು. ಅಕ್ಕ ಹೇಳಿದರು." ಮಾರ್ಚ್ ಒಂದು: "ಅಕ್ಕ ಕೆಂದಿಯ ಹಿಂದೆ ಹೋಗುವಾಗ ಮೊದಲು ಬೆನ್ನಿಗೆ ಕೈ ಇಡುತ್ತಾರೆ. ಹೇಳಲಿಲ್ಲ, ನಾನೇ ನೋಡಿದೆ. ಇವತ್ತಿನಿಂದ ನಾನೂ." ಮಾರ್ಚ್ ಹತ್ತೊಂಬತ್ತು: "ಭುಜದ ಹತ್ತಿರ ಬೆರಳು. ಏಳು ಸಲ ಮಾಡಿದೆ. ಅಕ್ಕ ಏಳು ಸಲವೂ ನೋಡಿದರು."

ನಾನು ಬೈದದ್ದನ್ನೆಲ್ಲ ಇವಳು ಪಾಠ ಅಂತ ಬರೆದಿಟ್ಟುಕೊಂಡಿದ್ದಾಳೆ. ಓದುತ್ತಾ ಕೋಪವೇ ಬಂತು. ನಾನು ಹೇಳಿದ್ದು ಹೇಳಿಕೊಡಲಿಕ್ಕಲ್ಲ.

ಏಪ್ರಿಲ್ ಇಪ್ಪತ್ತೈದರ ಪುಟದಲ್ಲಿ ಒಂದೇ ಸಾಲಿತ್ತು. "ಗೈರುಹಾಜರಿ. ಅಕ್ಕ ಬರಬೇಡ ಅಂದರು."

ಕಾರಣ ಬರೆದಿಲ್ಲ. ಲಸಿಕೆಯ ಮಾತಿಲ್ಲ. ಅಷ್ಟೇ.

ಪುಸ್ತಕದ ಹೊಲಿಗೆ ಅಲ್ಲಿಗೇ ಬಂದಿತ್ತು. ಆ ಹಾಳೆ ಮೆಲ್ಲಗೆ ಎಳೆದರೆ ಶಬ್ದವಿಲ್ಲದೆ ಬರುತ್ತಿತ್ತು. ಹಾಳೆ ಇಲ್ಲದಿದ್ದರೂ ಗೈರುಹಾಜರಿ ಎಂಟೇ. ಮೇಡಂ ನನ್ನ ಕಡೆಗೆ ಬೆನ್ನು ಹಾಕಿ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದರು. ಬೆರಳನ್ನು ಹಾಳೆಯ ಮೂಲೆಯ ಮೇಲೆ ಇಟ್ಟದ್ದು ನಿಜ. ಎಷ್ಟು ಹೊತ್ತು ಇಟ್ಟೆ ಅಂತ ಗೊತ್ತಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಬೀಜದ ಚೀಲ ಎತ್ತಿ ಹಾಕುತ್ತಿದ್ದರು, ಒಂದೊಂದು ಚೀಲಕ್ಕೂ ನೆಲ ಅದುರುತ್ತಿತ್ತು.

ಮೇಡಂ ತಿರುಗಿ, ಟೈಲರಮ್ಮನ ಮಗಳದ್ದು ಎಷ್ಟಾಯಿತು ಅಂತ ಕೇಳಿದರು.

"ಎಂಟು," ಅಂದೆ. "ಆದ್ರೆ ಒಂದು ನನ್ನದು, ಮೇಡಂ."

ಅರ್ಥವಾಗಲಿಲ್ಲ ಅವರಿಗೆ. ಪುಟ ತೆಗೆದು ತೋರಿಸಿದೆ. ಲಸಿಕೆಯ ಸುಳ್ಳನ್ನು ಒಪ್ಪಿಕೊಂಡೆ. ಯಾಕೆ ಅಂತ ಕೇಳಿದರು. ಮೇಡಂ ಕಾಯುತ್ತಾ ಕನ್ನಡಕ ಒರೆಸಿದರು, ಒರೆಸಿದರು, ಗಾಜು ಸವೆಯುವಷ್ಟು.

"ಕೆಂದಿ ಅವಳನ್ನ ನೋಡಿ ಕೂಗ್ತಾಳೆ," ಅಂದೆ. ಅಷ್ಟು ಓದಿಕೊಂಡವಳ ಬಾಯಲ್ಲಿ ಬಂದದ್ದು ಅದೊಂದು ಮಾತು.

ಮೇಡಂ ನಗಲಿಲ್ಲ. "ಹನ್ನೆರಡನೇ ನಿಯಮ ಗೊತ್ತಲ್ಲ?"

"ಗೊತ್ತು."

"ಹೇಳು."

ಹೇಳಿದೆ. ಸ್ಪರ್ಧಿಗೆ ಬೇಕೆಂದೇ ಅಡ್ಡಿಪಡಿಸಿದವರು ಎರಡು ವರ್ಷ ಕ್ಲಬ್ಬಿನ ಯಾವುದೇ ಹೊಣೆ ಹೊರುವಂತಿಲ್ಲ. ಅಂಥ ಅಡ್ಡಿಯಿಂದಾದ ಗೈರುಹಾಜರಿಯನ್ನು ಸ್ಪರ್ಧಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದಕ್ಷರ ತಪ್ಪಲಿಲ್ಲ. ಮೇಡಂ ನನ್ನ ಮುಂದಿದ್ದ ಪಟ್ಟಿ ಎಳೆದುಕೊಂಡು, ಎಂಟನ್ನು ಹೊಡೆದು ಏಳು ಅಂತ ಬರೆದು, ತಾವೇ ಸಹಿ ಹಾಕಿದರು. ಜೂನ್‌ನ ಪತ್ರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ, ಅವಳಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಅಂದರು.

ಮನೆಗೆ ನಡೆದೇ ಬಂದೆ. ಅಪ್ಪನಿಗೆ ಹೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ೩

ಬೆಳಿಗ್ಗೆ ಅವಳು ಕೆಂದಿಯ ಗೊರಸು ಕೆರೆಯುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಲಸಿಕೆ ಇರಲಿಲ್ಲ, ಸುಳ್ಳು ಹೇಳಿದ್ದೆ, ನಿನ್ನನ್ನು ಪಟ್ಟಿಯಿಂದ ತೆಗೆಸಬೇಕು ಅಂತ.

ಗೊರಸಿನಿಂದ ಕಣ್ಣು ಎತ್ತಲಿಲ್ಲ. ಮುಂಗಾಲು ಮುಗಿಸಿ ಹಿಂಗಾಲಿಗೆ ಹೋಗುವಾಗ ಬೆನ್ನಿನ ಮೇಲೆ ಕೈ ಇಟ್ಟು ಸರಿದಳು. ಆಮೇಲೆ ಅಂದಳು:

"ನಂಗೆ ಅವತ್ತೇ ಗೊತ್ತಾಯ್ತು ಅಕ್ಕ. ದನದ ಡಾಕ್ಟರು ಅವತ್ತು ಬೆಳಗ್ಗೆಯಿಂದ ನಮ್ಮಂಗಡೀಲೇ ಇದ್ರು. ಪ್ಯಾಂಟ್ ಬಿಗಿ ಆಗಿತ್ತಂತೆ, ಅಮ್ಮ ಎರಡು ಸಲ ಬಿಚ್ಚಿ ಹೊಲಿದ್ಲು."

ನನ್ನ ಮುಖ ಸುಟ್ಟುಹೋಯಿತು. ಮಾರನೆಯ ದಿನ ಎಲ್ಲಿ ಚುಚ್ಚಿದರು ಅಂತ ಇವಳು ಕೇಳಿದ್ದು, ನಾನು ಬೆರಳು ತೋರಿಸಿದ್ದು, ಇವಳು ಸವರಿದ್ದು! ಹಾಗಾದರೆ ಮೇಡಂಗೆ ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರೆ ನೀವು ಕಲಿಸೋದು ಬಿಟ್ಬಿಡ್ತೀರ ಅಂತ."

"ನಾನೆಲ್ಲಿ ಕಲಿಸಿದೆ?"

ಅವಳು ಗೊರಸು ತಿರುಗಿಸಿ ಹಿಡಿದಳು. ಆ ದಿನ ಸಂಜೆ ಅಳು ಬಂತು ಅಂತ ಮೆಲ್ಲಗೆ ಅಂದಳು, ಅಮ್ಮನಿಗೆ ಕಾಣದ ಹಾಗೆ ಬಟ್ಟೆ ಗಂಟಿನ ಹಿಂದೆ ಕೂತು ಅತ್ತಳಂತೆ. ಕ್ಷಮಿಸು ಅನ್ನುವ ಮಾತು ನನ್ನ ಗಂಟಲ ತನಕ ಬಂತು. ಅಷ್ಟರಲ್ಲಿ ಅವಳು ಗೊರಸನ್ನು ತಪ್ಪಾಗಿ ಹಿಡಿದಿದ್ದು ಕಣ್ಣಿಗೆ ಬಿತ್ತು, ಹಾಗೆ ಕೆರೆದರೆ ರಕ್ತ ಬರುತ್ತದೆ, ಕೊಡು ಇಲ್ಲಿ ಅಂದೆ. ಹಿಂಗಾಲು ಎರಡನ್ನೂ ನಾನು ಹಿಡಿದುಕೊಂಡೆ, ಕೆರೆದದ್ದು ಅವಳೇ. ಒಂಬತ್ತನೇ ನಿಯಮ.

ಮಾತು ಗಂಟಲಲ್ಲೇ ಇದೆ.

ಮೇ ೭

ಅಂಗಳದಲ್ಲಿ ಸುಣ್ಣದಿಂದ ಅಂಕಣ ಬರೆದೆ. ಬೆಳಿಗ್ಗೆ ಹತ್ತು ಸುತ್ತು, ಸಂಜೆ ಹತ್ತು. ನಾನು ತೀರ್ಪುಗಾರಳಾಗಿ ನಡುವೆ ನಿಂತು ಪ್ರಶ್ನೆ ಕೇಳುವುದು. ಅವಳಿಗೆ ಒಂದು ಕೆಟ್ಟ ಅಭ್ಯಾಸ, ಉತ್ತರ ಗೊತ್ತಿಲ್ಲದಿದ್ದರೆ ತಕ್ಷಣ ಗೊತ್ತಿಲ್ಲ ಅಂದುಬಿಡುತ್ತಾಳೆ. ಸ್ವಲ್ಪ ಯೋಚಿಸಿದ ಹಾಗೆ ಮಾಡು ಅಂದರೆ, ಯಾಕೆ ಅಕ್ಕ, ಗೊತ್ತಿಲ್ಲವಲ್ಲ ಅನ್ನುತ್ತಾಳೆ. ಇವಳನ್ನು ಕಟ್ಟಿಕೊಂಡು ಗೆದ್ದ ಹಾಗೆಯೇ.

ಸಂಜೆ ಕ್ಷಮಿಸು ಅಂತ ಹೇಳಿದೆ. ಹದಿನೇಳನೇ ಸುತ್ತಿನಲ್ಲಿ. ಅವಳು, "ಅಕ್ಕ, ಈಗ ಮಾತಾಡಿಸಬೇಡಿ, ಕಾಲು ತಪ್ಪುತ್ತೆ," ಅಂದಳು.

ಮೇ ೧೦

ಎರಡನೇ ಸ್ಥಾನ!

ನನ್ನ ಮೈಯೆಲ್ಲ ಉರಿಯುತ್ತಿದೆ. ಮೊದಲಿನಿಂದ ಬರೆಯುತ್ತೇನೆ.

ಮೈದಾನಕ್ಕೆ ಏಳಕ್ಕೇ ತಲುಪಿದೆವು. ಅಂಕಣದೊಳಗೆ ಸ್ಪರ್ಧಿಗಳನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ, ಹಾಗಾಗಿ ನಾನೂ ಅಪ್ಪನೂ ಹಗ್ಗದ ಹೊರಗೆ ನಿಂತೆವು. ಟೈಲರಮ್ಮ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದಳು. ನಮ್ಮ ವಿಭಾಗಕ್ಕೆ ಬಂದ ಕಡಸುಗಳು ಹದಿನಾರು. ನಮ್ಮ ಹುಡುಗಿ ಒಂಬತ್ತನೆಯವಳಾಗಿ ಬಂದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಸಿ ಹಿಡಿದ ಹಗ್ಗ. ಕೆಂದಿ ತಲೆ ಎತ್ತಿ, ನೆಲಕ್ಕೆ ನೋವಾಗುತ್ತದೋ ಏನೋ ಅನ್ನುವ ಹಾಗೆ ಹೆಜ್ಜೆ ಇಡುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಯಾರೋ ಅದು ಯಾರ ಕಡಸು ಅಂತ ಕೇಳಿದರು. ಅಪ್ಪ ನನ್ನ ಕಡೆ ನೋಡಿದರು. ಅಗೋ, ಆ ಹುಡುಗಿದು ಅಂತ ನಾನು ತೋರಿಸಿದೆ.

ಕೊನೆಗೆ ಉಳಿದವರು ಇಬ್ಬರು. ನಮ್ಮ ಹುಡುಗಿ, ಮತ್ತೆ ಬೇರೆ ಕ್ಲಬ್ಬಿನ ಒಬ್ಬಳು. ಅವಳು ಬಿಳಿ ಕೈಗವಸು ಹಾಕಿಕೊಂಡು ಬಂದಿದ್ದಳು, ಬಿಂಕ ನೋಡಬೇಕಿತ್ತು. ಅವಳ ಕಡಸು ಕಪ್ಪು, ಬೆಳೆದದ್ದು ಚೆನ್ನಾಗಿಯೇ ಬೆಳೆದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂರು ಸಲ ಹಗ್ಗ ಜಗ್ಗಿತು. ಮೂರು ಸಲ! ನಾನು ಎಣಿಸಿದ್ದೇನೆ. ಎರಡನೇ ಸಲ ಜಗ್ಗಿದಾಗ ತೀರ್ಪುಗಾರರು ಗಡಿಯಾರ ನೋಡುತ್ತಿದ್ದರು. ಕೆಂದಿ ಒಮ್ಮೆಯೂ ಜಗ್ಗಲಿಲ್ಲ. ಒಂದು ಹಿಂಗಾಲು ನಾಲ್ಕು ಬೆರಳು ಮುಂದಿತ್ತು, ಅದನ್ನು ಹುಡುಗಿ ಭುಜ ಒತ್ತಿ ಕ್ಷಣದಲ್ಲಿ ಸರಿಮಾಡಿದಳು. ಕಡಸಿಗೆ ಎಷ್ಟು ತೂಕವಾದಾಗ ಗಬ್ಬ ಕಟ್ಟಿಸಬಹುದು ಅಂತ ಕೇಳಿದರು. ನಾವು ಅದನ್ನು ಅಭ್ಯಾಸ ಮಾಡಿರಲಿಲ್ಲ, ತಪ್ಪು ನನ್ನದು. ಗೊತ್ತಿಲ್ಲ ಸರ್ ಅಂದಳು, ತಕ್ಷಣ. ಕೈಗವಸಿನವಳು ಯೋಚಿಸಿದ ಹಾಗೆ ಮಾಡಿ ತಪ್ಪು ಉತ್ತರ ಹೇಳಿದಳು. ತಪ್ಪು ಹೇಳಿದವಳಿಗೆ ಮೊದಲು, ನಿಜ ಹೇಳಿದವಳಿಗೆ ಎರಡನೆಯದು. ಮೊದಲು ಬಂದವರಷ್ಟೇ ಮುಂದಿನ ದೊಡ್ಡ ಸ್ಪರ್ಧೆಗೆ ಹೋಗುವುದು.

ಮೂರು ಸಲ ಎರಡನೆಯವಳಾದಾಗಲೂ ನನಗೆ ಇಷ್ಟು ಸಂಕಟ ಆಗಿರಲಿಲ್ಲ. ಕೈಗವಸಿನವಳು ಫಲಕ ಹಿಡಿದು ಫೋಟೋಗೆ ನಿಂತದ್ದನ್ನು ನೋಡಿ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಮೇಡಂ ಹತ್ತಿರ ಓಡಿದೆ. ಹದಿನಾಲ್ಕನೇ ನಿಯಮ ಇದೆ, ಇಪ್ಪತ್ನಾಲ್ಕು ಗಂಟೆಯೊಳಗೆ ಆಕ್ಷೇಪಣೆ ಕೊಡಬಹುದು, ಫಾರ್ಮು ಕೊಡಿ ಅಂದೆ. ಕೊಡಬಹುದು, ಆದರೆ ಸ್ಪರ್ಧಿಯ ತಂದೆ ಅಥವಾ ತಾಯಿ ಸಹಿ ಹಾಕಬೇಕು ಅಂದರು. ಫಾರ್ಮು ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಯಾಕೋ ಗೊತ್ತಿಲ್ಲ, ಅವರಿಗೆ ನಗು ಬರುತ್ತಿತ್ತು.

ಮೇ ೧೧

ಎಂಟು ಗಂಟೆಗೆಲ್ಲ ಟೈಲರಮ್ಮನ ಅಂಗಡಿಗೆ ಹೋದೆ. ಫಾರ್ಮನ್ನು ನಾನೇ ತುಂಬಿದ್ದೆ, ಜಗ್ಗಿದ್ದು ಮೂರು ಸಲ, ಯಾವ ಮೂಲೆಯಲ್ಲಿ, ಯಾವಾಗ, ಎಲ್ಲ. ಸಹಿಯೊಂದು ಬೇಕಿತ್ತು.

ಟೈ‌ಲರಮ್ಮ ಹಲಗೆಯ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನನ್ ಮಗಳು ಚೆನ್ನಾಗಿ ನಡೆಸಿದ್ಲಾ?"

"ಎಲ್ಲರಿಗಿಂತ ಚೆನ್ನಾಗಿ."

"ನೀನು ಹೇಳಿದ್ಮೇಲೆ ಆಯ್ತಲ್ಲಮ್ಮ," ಅಂದಳು. "ಇನ್ನೇನು?"

ಮೂಲೆಯಲ್ಲಿ ಕಾಜ ಹಾಕುತ್ತಾ ಕೂತಿದ್ದ ಗುಂಡುಸೂಜಿ, ಹಲ್ಲಿನಲ್ಲಿ ದಾರ ಕಡಿದು, ಆ ಕಪ್ಪು ಕಡಸು ನಿಜವಾಗಿಯೂ ಚೆಂದ ಇತ್ತು ಅಕ್ಕ ಅಂದಳು. ಕೈಗವಸಿನವಳು ಆಮೇಲೆ ಬಂದು ಮುಖಪಟ್ಟಿ ಎಲ್ಲಿ ತೆಗೆದುಕೊಂಡೆ ಅಂತ ಕೇಳಿದಳಂತೆ. ಇವಳು ಅಳತೆ ಕಳಿಸು, ಹೊಲಿದುಕೊಡುತ್ತೇನೆ ಅಂದಿದ್ದಾಳೆ. ಎದುರಾಳಿಗೆ! ತನ್ನ ಕೈಯಾರೆ!

ಅಷ್ಟರಲ್ಲಿ ಯಾರೋ ರವಿಕೆ ಅಳತೆ ಕೊಡಲು ಬಂದರು. ಟೈಲರಮ್ಮ ಬರೆದುಕೊಳ್ಳಲು ಕಾಗದ ಹುಡುಕಿ, ಸಿಗದೆ, ನನ್ನ ಆಕ್ಷೇಪಣೆಯ ಫಾರ್ಮನ್ನೇ ತಿರುಗಿಸಿ, ಎದೆ ಮೂವತ್ತಾರು, ತೋಳು ಹತ್ತು ಅಂತ ಬರೆದುಕೊಂಡಳು. ಬರೆದಾದ ಮೇಲೆ ಅದನ್ನು ಮಷಿನ್ನಿನ ಕೆಳಗೆ ಸಿಕ್ಕಿಸಿದಳು.

ಗುಂಡುಸೂಜಿಗೆ ಇನ್ನೂ ಮೂರು ವರ್ಷ ಅರ್ಹತೆ ಇದೆ. ಕೆಂದಿಗಿಲ್ಲ, ಮುಂದಿನ ಸಲಕ್ಕೆ ಅವಳಿಗೆ ವಯಸ್ಸು ಮೀರುತ್ತದೆ, ಹೊಸ ಕರು ಈಗಲೇ ನೋಡಬೇಕು. ಆದರೆ ಆ ಮನೆಯಲ್ಲಿ ತಾಯಿಗೂ ಇಲ್ಲ, ಮಗಳಿಗೂ ಇಲ್ಲ, ಹುಡುಕಿದರೆ ಸಾಸಿವೆಯಷ್ಟೂ ಹೊಟ್ಟೆಕಿಚ್ಚು ಸಿಗುವುದಿಲ್ಲ. ಹೀಗಾದರೆ ಗೆಲ್ಲುವುದು ಹೇಗೆ? ಅವರ ಪಾಲಿನದ್ದನ್ನೂ ನಾನೇ ಪಡಬೇಕು.